ಗುಪ್ತನಾಮ, ಗಣಕ ಮತ್ತು ಸುದ್ದಿ: ಗಾಲ್‌ಬ್ರೇತ್ ಪ್ರಕರಣದಲ್ಲಿ ಶೈಲಿಮಾಪನಕ್ಕೆ ಆರೋಪಿತವಾದ ಪಾತ್ರ

2013ರ ಜುಲೈ 14ರಂದು ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯು ರಾಬರ್ಟ್ ಗಾಲ್‌ಬ್ರೇತ್ ಎಂಬ ಹೆಸರಿನಲ್ಲಿ ಆ ವರ್ಷದ ಏಪ್ರಿಲ್‌ನಲ್ಲಿ ಹೊರಬಂದಿದ್ದ 'ದ ಕುಕ್ಕೂಸ್ ಕಾಲಿಂಗ್' ಎಂಬ ಪತ್ತೇದಾರಿ ಕಾದಂಬರಿಯ ನಿಜವಾದ ಕರ್ತೃ ಜೆ.ಕೆ. ರೋಲಿಂಗ್ ಎಂದು ಪ್ರಕಟಿಸಿತು. ಈ ಸುದ್ದಿಯು ಜಗತ್ತಿನ ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ಮರುಪ್ರಸಾರಗೊಳ್ಳುತ್ತ ಹೋದಂತೆ ಅದರ ಕಥನವು ಬಹುಬೇಗ ಒಂದು ಸರಳ ರೂಪವನ್ನು ತಳೆಯಿತು: ಲೇಖಕಿ ತನ್ನ ಹೆಸರನ್ನು ಮರೆಮಾಡಿದಳು, ಗಣಕವು ಆಕೆಯ ಶೈಲಿಯನ್ನು ಗುರುತಿಸಿತು, ಗುಟ್ಟು ರಟ್ಟಾಯಿತು. ಶೈಲಿಮಾಪನವನ್ನು ಕುರಿತು ಇಂದು ಬರುವ ಜನಪ್ರಿಯ ಬರೆಹಗಳಲ್ಲಿಯೂ, ವಿಷಾದದ ಸಂಗತಿಯೆಂದರೆ ಹಲವು ಸಂಶೋಧನ ಪ್ರಸ್ತಾವನೆಗಳ ಮುನ್ನುಡಿಗಳಲ್ಲಿಯೂ, ಇದೇ ರೂಪ ಉಳಿದುಕೊಂಡಿದೆ. ಘಟನೆಗಳು ನಡೆದ ಕ್ರಮವನ್ನು ಮೊದಲು ಸರಿಪಡಿಸಿ, ಅನಂತರ ಇಂಥ ವಿಪರ್ಯಾಸವು ನಮ್ಮ ಶಾಸ್ತ್ರದ ಚರಿತ್ರೆಯಲ್ಲಿ ಎಷ್ಟು ಹಳೆಯದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ 'ಕಾವ್ಯನಾಮ'ವೆಂಬುದು ಸಾಮಾನ್ಯವಾಗಿ ಮರೆಮಾಡುವ ಹೆಸರಲ್ಲ, ಮೆರೆಯುವ ಹೆಸರು. 'ಕುವೆಂಪು' ಯಾರು, 'ಅಂಬಿಕಾತನಯದತ್ತ' ಯಾರು, 'ಶ್ರೀನಿವಾಸ' ಯಾರು ಎಂದು ಓದುಗನಿಗೆ ಸಂದೇಹವಿರಲಿಲ್ಲ. ಇರಬೇಕೆಂಬ ಆಶಯವೂ ಆ ಕವಿಗಳಿಗಿರಲಿಲ್ಲ. ಇಲ್ಲಿ ನಮ್ಮ ವಿಷಯವು ಅದಕ್ಕಿಂತ ಭಿನ್ನವಾದದ್ದು. ಗಾಲ್‌ಬ್ರೇತ್ ಎಂಬ ಹೆಸರಿಗೆ ಸೇನಾಪೊಲೀಸ್ ದಳದಲ್ಲಿದ್ದು ನಿವೃತ್ತನಾದವನೆಂಬ ಒಂದು ಕಲ್ಪಿತ ಜೀವನವೃತ್ತವನ್ನೂ ಜೋಡಿಸಲಾಗಿತ್ತು. ಆದುದರಿಂದ ನಾವು ಅದನ್ನು ಗುಪ್ತನಾಮವೆಂದೇ ಕರೆಯುತ್ತೇವೆ. ಶೈಲಿಮಾಪನದ ಪ್ರಶ್ನೆ ಹುಟ್ಟುವುದು ಗುಪ್ತನಾಮದಿಂದ, ಕಾವ್ಯನಾಮದಿಂದಲ್ಲ.

ಘಟನೆಗಳ ಕ್ರಮ

ಗುಟ್ಟು ಹೊರಬಿದ್ದದ್ದು ಮನುಷ್ಯರ ಬಾಯಿಂದ. ರೋಲಿಂಗ್ ಅವರ ಕಾನೂನು ಸಲಹಾ ಸಂಸ್ಥೆಯ ಒಬ್ಬ ವಕೀಲರು ತಮ್ಮ ಪತ್ನಿಯ ಆಪ್ತ ಗೆಳತಿಯೊಬ್ಬರಿಗೆ ಈ ವಿಷಯವನ್ನು ತಿಳಿಸಿದ್ದರು. ಅಲ್ಲಿಂದ ಅದು ಟ್ವಿಟರ್ ಮೂಲಕ 'ಸಂಡೇ ಟೈಮ್ಸ್'ನ ಅಂಕಣಕಾರ್ತಿಯೊಬ್ಬರನ್ನು ತಲುಪಿತು. ಪತ್ರಿಕೆಯ ಕಲಾವಿಭಾಗದ ಸಂಪಾದಕ ರಿಚರ್ಡ್ ಬ್ರೂಕ್ಸ್ ಈ ಸುಳಿವನ್ನು ಹಿಡಿದು ಪರಿಶೀಲಿಸಿದಾಗ, ಅಪರಿಚಿತ ಗಾಲ್‌ಬ್ರೇತ್‌ಗೂ ಸುಪ್ರಸಿದ್ಧ ರೋಲಿಂಗ್‌ಗೂ ಸಾಹಿತ್ಯ ಪ್ರತಿನಿಧಿ ಒಬ್ಬರೇ, ಸಂಪಾದಕರು ಒಬ್ಬರೇ, ಪ್ರಕಾಶನ ಸಂಸ್ಥೆಯೂ ಒಂದೇ ಎಂಬುದು ಗೊತ್ತಾಯಿತು. ಚೊಚ್ಚಲ ಕೃತಿಯ ಲೇಖಕನಿಗೆ ಇಂಥ ಯೋಗ ಸುಲಭವಾಗಿ ಒದಗುವುದಿಲ್ಲ. ಇಷ್ಟಾದ ಮೇಲೆ ಪತ್ರಿಕೆಯು ಇಬ್ಬರು ವಿದ್ವಾಂಸರನ್ನು ಸಂಪರ್ಕಿಸಿತು: ಪಿಟ್ಸ್‌ಬರ್ಗಿನ ಡ್ಯೂಕೇನ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಪ್ಯಾಟ್ರಿಕ್ ಜುವೋಲಾ ಮತ್ತು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಪೀಟರ್ ಮಿಲಿಕನ್. ಇಬ್ಬರೂ ತಾವೇ ಬೆಳೆಸಿದ ತಂತ್ರಾಂಶಗಳಿಂದ ಪ್ರತ್ಯೇಕವಾಗಿ ವಿಶ್ಲೇಷಣೆ ನಡೆಸಿ, ಫಲಿತಾಂಶವು ರೋಲಿಂಗ್ ಅವರ ಕಡೆಗೆ ವಾಲುತ್ತದೆಯೆಂದು ತಿಳಿಸಿದರು. ಕೊನೆಗೆ ಪತ್ರಿಕೆಯು ರೋಲಿಂಗ್ ಅವರ ಪ್ರತಿನಿಧಿಗಳನ್ನು ನೇರವಾಗಿ ಕೇಳಿತು, ಅವರು ಒಪ್ಪಿಕೊಂಡರು.

ಸುಳಿವು, ಸಾಂದರ್ಭಿಕ ಸಾಕ್ಷ್ಯ, ಶೈಲಿಮಾಪನ, ತಪ್ಪೊಪ್ಪಿಗೆಯಂಥ ಒಂದು ಸಮ್ಮತಿ: ನಾಲ್ಕು ಹೆಜ್ಜೆಗಳಲ್ಲಿ ನಮ್ಮ ಶಾಸ್ತ್ರದ್ದು ಮೂರನೆಯದು. ಅದಕ್ಕೆ ಮುಂಚಿನ ಎರಡು ಹೆಜ್ಜೆಗಳಿಲ್ಲದಿದ್ದರೆ ಯಾವ ಗಣಕಕ್ಕೂ ಈ ಕಾದಂಬರಿಯನ್ನು ರೋಲಿಂಗ್ ಅವರ ಕೃತಿಗಳೊಡನೆ ಹೋಲಿಸಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ನಾಲ್ಕನೆಯದು ಇಲ್ಲದಿದ್ದರೆ ಇಂದಿಗೂ ಈ ಕರ್ತೃತ್ವವು ಊಹೆಯ ಅಂಚಿನಲ್ಲಿಯೇ ಇರುತ್ತಿತ್ತು. ವಿದ್ವಾಂಸರ ವರದಿಯ ನಿಜವಾದ ಫಲವೆಂದರೆ, ನೇರವಾಗಿ ಕೇಳುವ ಧೈರ್ಯವನ್ನು ಪತ್ರಿಕೆಗೆ ಕೊಟ್ಟದ್ದು. ಜನಪ್ರಿಯ ಕಥನವಾದರೋ ಮೊದಲ ಎರಡನ್ನು ಅಳಿಸಿ, ನಾಲ್ಕನೆಯದನ್ನು ಮೂರನೆಯದರ ಸಹಜ ಪರಿಣಾಮವನ್ನಾಗಿ ಮಾಡಿತು. ವಕೀಲರಿಂದ ಸೋರಿಕೆಯಾದ ಸಂಗತಿಯು ಕೆಲವು ದಿನಗಳ ಅನಂತರ ಬಹಿರಂಗವಾಯಿತು, ರೋಲಿಂಗ್ ಅವರಿಗೆ ಸಂದ ಪರಿಹಾರಧನವು ಸೈನಿಕರ ಕಲ್ಯಾಣನಿಧಿಗೆ ಹೋಯಿತು, ಆ ವಕೀಲರಿಗೆ 1,000 ಪೌಂಡ್ ದಂಡವೂ ಬಿತ್ತು. ಇವೆಲ್ಲ ಸುದ್ದಿಯಾದವು ನಿಜ. ಆದರೆ ಗಣಕದ ಕಥೆಯನ್ನು ಅವು ತಿದ್ದಲಿಲ್ಲ. ಎರಡು ಸುದ್ದಿಗಳೂ ಒಂದಕ್ಕೊಂದು ಪರಿಚಯವಿಲ್ಲದ ನೆರೆಹೊರೆಯವರಂತೆ ಬದುಕಿಕೊಂಡವು.

(ಮಾರಾಟದ ಅಂಕಿಯಲ್ಲೂ ಇದೇ ಬಗೆಯ ಸವಕಲು ಕಾಣುತ್ತದೆ. ಗುಟ್ಟು ಹೊರಬೀಳುವ ಮುನ್ನ ಕಾದಂಬರಿಯ 1,500 ಪ್ರತಿಗಳಷ್ಟೇ ಮಾರಾಟವಾಗಿದ್ದವೆಂಬ ಮಾತು ಎಲ್ಲೆಡೆ ಹರಡಿತು. ಅದು ಬ್ರಿಟನ್ನಿನ ಗಟ್ಟಿರಟ್ಟಿನ ಪ್ರತಿಗಳ ಲೆಕ್ಕ. ಎಲ್ಲ ರೂಪಗಳೂ ಸೇರಿ ಇಂಗ್ಲಿಷಿನಲ್ಲಿ 8,500 ಎಂದು ಲೇಖಕಿಯ ಕಡೆಯಿಂದಲೇ ಹೇಳಿಕೆ ಬಂದಿತು. ದೊಡ್ಡ ಹೆಸರಿಲ್ಲದ ಪುಸ್ತಕದ ದೈನ್ಯವು ಕಥೆಗೆ ಬೇಕಾಗಿತ್ತು, ಹಾಗಾಗಿ ಚಿಕ್ಕ ಸಂಖ್ಯೆ ಬದುಕಿತು.)

ಪರೀಕ್ಷೆಯು ಹೇಳಿದ್ದೇನು

ಜುವೋಲಾ ಅವರು ತಮ್ಮ ವಿಧಾನವನ್ನು ಬಚ್ಚಿಡಲಿಲ್ಲ. ಸುದ್ದಿ ಪ್ರಕಟವಾದ ಎರಡೇ ದಿನಗಳಲ್ಲಿ ಭಾಷಾವಿಜ್ಞಾನದ ಓದುಗರಿಗಾಗಿ ಅದನ್ನು ವಿವರಿಸಿ ಬರೆದರು. ಅವರ ಮುಂದೆ ನಾಲ್ವರು ಅಭ್ಯರ್ಥಿಗಳಿದ್ದರು: ರೋಲಿಂಗ್, ರೂತ್ ರೆಂಡೆಲ್, ಪಿ.ಡಿ. ಜೇಮ್ಸ್ ಮತ್ತು ವ್ಯಾಲ್ ಮೆಕ್‌ಡರ್ಮಿಡ್. ರೋಲಿಂಗ್ ಅವರ ಮಾದರಿಯಾಗಿ 2012ರ 'ದ ಕ್ಯಾಶುಯಲ್ ವೇಕೆನ್ಸಿ'ಯನ್ನೂ ಉಳಿದವರಿಂದ ಒಂದೊಂದು ಕಾದಂಬರಿಯನ್ನೂ ಆರಿಸಿಕೊಳ್ಳಲಾಯಿತು. ಅಳೆದ ಲಕ್ಷಣಗಳು ನಾಲ್ಕು: ಪದಗಳ ಉದ್ದದ ಹಂಚಿಕೆ, ಅತಿ ಹೆಚ್ಚು ಬಳಕೆಯ 100 ಪದಗಳ ಆವರ್ತನ, ಒಂದರ ಪಕ್ಕ ಒಂದು ಬರುವ ಪದಯುಗ್ಮಗಳು, ಮತ್ತು ನಾಲ್ಕು ಲಿಪಿಚಿಹ್ನೆಗಳ ಸರಣಿಗಳು. ಫಲಿತಾಂಶಗಳು ಏಕಮುಖವಾಗಿರಲಿಲ್ಲ. ಕೆಲವು ಪರೀಕ್ಷೆಗಳಲ್ಲಿ ಬೇರೆಯವರೂ ಸಮೀಪಕ್ಕೆ ಬಂದರು. ಪ್ರತಿಯೊಂದು ಪರೀಕ್ಷೆಯಲ್ಲಿಯೂ ಮೊದಲನೆಯ ಅಥವಾ ಎರಡನೆಯ ಸ್ಥಾನದಲ್ಲಿ ನಿಂತವರು ರೋಲಿಂಗ್ ಒಬ್ಬರೇ ಎಂಬುದು ಅವರ ತೀರ್ಮಾನದ ಆಧಾರ. ಇದೇ ಶೈಲಿಯ ಇನ್ನಾರೋ ಬರೆದಿರುವ ಸಾಧ್ಯತೆಯನ್ನು ಅವರು ತಳ್ಳಿಹಾಕಲಿಲ್ಲ. ಆಗಸ್ಟ್‌ನಲ್ಲಿ ಅವರು 'ಸೈಂಟಿಫಿಕ್ ಅಮೆರಿಕನ್'ಗೆ ಬರೆದ ಲೇಖನದ ಶೀರ್ಷಿಕೆಯಲ್ಲಿಯೂ ಗಣಕವು ತೋರಿಸಲು 'ನೆರವಾಯಿತು' ಎಂದೇ ಇದೆ. ಉಲ್ಲೇಖಗಳು ಮುಂದೆ ಸಾಗಿದಂತೆ ಆ ಕ್ರಿಯಾಪದವೇ ಮೊದಲು ಉದುರಿಹೋಯಿತು.

ಇಂಥ ಫಲಿತಾಂಶಕ್ಕೆ ಎಷ್ಟು ತೂಕ ಕೊಡಬಹುದೆಂಬುದನ್ನು ಒಂದು ಸ್ಥೂಲ ಲೆಕ್ಕದಿಂದ ನೋಡೋಣ, ಲೆಕ್ಕ ನಮ್ಮದು. ನಾಲ್ವರಲ್ಲಿ ಒಬ್ಬರು ಪಠ್ಯಕ್ಕೆ ಸಂಬಂಧವೇ ಇಲ್ಲದವರೆಂದು ಇಟ್ಟುಕೊಂಡರೆ, ಒಂದು ಪರೀಕ್ಷೆಯಲ್ಲಿ ಅವರು ಆಕಸ್ಮಿಕವಾಗಿ ಮೊದಲ ಎರಡು ಸ್ಥಾನಗಳಲ್ಲಿ ಬರುವ ಸಂಭಾವ್ಯತೆ ಅರ್ಧ. ನಾಲ್ಕು ಪರೀಕ್ಷೆಗಳೂ ಪರಸ್ಪರ ಸ್ವತಂತ್ರವಾಗಿದ್ದರೆ ನಾಲ್ಕರಲ್ಲಿಯೂ ಹಾಗೆ ಬರುವ ಸಂಭಾವ್ಯತೆ ಹದಿನಾರರಲ್ಲಿ ಒಂದು, ಎಂದರೆ 6.25%. ಸಮಾಜವಿಜ್ಞಾನಗಳಲ್ಲಿ ರೂಢಿಯಲ್ಲಿರುವ 5%ರ ಮಿತಿಯನ್ನೂ ಅದು ದಾಟುವುದಿಲ್ಲ. ಪರೀಕ್ಷೆಗಳು ಸ್ವತಂತ್ರವೂ ಅಲ್ಲ. ಇಂಗ್ಲಿಷಿನ ನಿಶ್ಚಿತ ಉಪಪದವು ಮೂರು ಅಕ್ಷರಗಳದು. ಅದರ ಮುಂದಿನ ತೆರಪನ್ನು ಸೇರಿಸಿದರೆ ಅದೇ ಒಂದು ನಾಲ್ಕು ಚಿಹ್ನೆಗಳ ಸರಣಿ. ಒಂದೇ ರೂಢಿಯನ್ನು ಪದಪಟ್ಟಿಯಲ್ಲೊಮ್ಮೆ, ಚಿಹ್ನಾಸರಣಿಯಲ್ಲೊಮ್ಮೆ, ಪದಯುಗ್ಮದಲ್ಲೊಮ್ಮೆ ಎಣಿಸಿದಂತಾಗುತ್ತದೆ. ಆದುದರಿಂದ ನಿಜವಾದ ಸಂಭಾವ್ಯತೆಯು ಇದಕ್ಕಿಂತ ಹೆಚ್ಚೇ ಇರಬೇಕು. ಇನ್ನು, ನಿಜವಾದ ಕರ್ತೃವಾಗಿದ್ದರೆ ಮೊದಲೆರಡು ಸ್ಥಾನಗಳು ಖಚಿತವೆಂದು ಉದಾರವಾಗಿ ಒಪ್ಪಿಕೊಂಡರೂ, ಈ ಸಾಕ್ಷ್ಯವು ಪೂರ್ವನಂಬಿಕೆಯನ್ನು ಹದಿನಾರು ಪಟ್ಟು ಹೆಚ್ಚಿಸುತ್ತದೆ, ಅಷ್ಟೇ. ಸುಳಿವೂ ಪ್ರಕಾಶಕರ ಸಮಾನತೆಯೂ ಸೇರಿ ಮೊದಲೇ ಅರ್ಧಕ್ಕರ್ಧ ನಂಬಿಕೆಯಿದ್ದಲ್ಲಿ ಅದು ಸುಮಾರು 94%ಕ್ಕೆ ಏರುತ್ತದೆ. ಯಾವ ಸುಳಿವೂ ಇಲ್ಲದೆ, ಸಾವಿರ ಲೇಖಕರಲ್ಲಿ ಯಾರಾದರೂ ಆಗಿರಬಹುದೆಂಬ ಸ್ಥಿತಿಯಿಂದ ಹೊರಟರೆ ಅದೇ ಸಾಕ್ಷ್ಯವು ನಮ್ಮನ್ನು 1.6%ದ ಆಚೆಗೆ ಒಯ್ಯುವುದಿಲ್ಲ. ಗಾಲ್‌ಬ್ರೇತ್ ಪ್ರಕರಣದಲ್ಲಿ ಶೈಲಿಮಾಪನವು ಗೆದ್ದಿತೆಂದು ಕಾಣುವುದು ಅದರ ಹಿಂದೆ ಒಂದು ಗೆಳೆತನದ ಮಾತು ಇದ್ದುದರಿಂದ.

ಈ ಲೆಕ್ಕವು ಜುವೋಲಾ ಅವರ ಮೇಲಿನ ಆಕ್ಷೇಪವಲ್ಲ. ಪ್ರಕರಣವನ್ನು ಅವರು 2015ರಲ್ಲಿ 'ಡಿಜಿಟಲ್ ಸ್ಕಾಲರ್‌ಶಿಪ್ ಇನ್ ದ ಹ್ಯುಮ್ಯಾನಿಟೀಸ್' ನಿಯತಕಾಲಿಕದಲ್ಲಿ ಮತ್ತೆ ಎತ್ತಿಕೊಂಡು, ಕರ್ತೃತ್ವದ ಪ್ರಶ್ನೆಗಳಿಗೆ ಒಂದು ಮಾನಕ ಕಾರ್ಯವಿಧಾನವನ್ನೇ ಪ್ರಸ್ತಾಪಿಸಿದರು. ವಿಚಲಿತಗೊಳಿಸುವ ಅಭ್ಯರ್ಥಿಗಳನ್ನು ಹೇಗೆ ಆರಿಸಬೇಕು, ಹಲವು ಪರೀಕ್ಷೆಗಳ ಫಲವನ್ನು ಹೇಗೆ ಕೂಡಿಸಬೇಕು ಎಂಬ ಚರ್ಚೆಗೆ ಅದು ನಿಜವಾದ ಕೊಡುಗೆ. ಪತ್ರಿಕೆಗಳು ಕೊಂಡಾಡಿದ್ದು ಆ ಕೊಡುಗೆಯನ್ನಲ್ಲ.

ಹಳೆಯ ಚಾಳಿ

ಗುಪ್ತನಾಮ ಮತ್ತು ಎಣಿಕೆಯ ನಂಟಿಗೆ ಒಂದೂವರೆ ಶತಮಾನ ದಾಟಿದೆ. ಪೌಲನ ಪತ್ರಗಳ ಕರ್ತೃತ್ವವನ್ನು ಪದಗಳ ಸರಾಸರಿ ಉದ್ದದಿಂದ ನಿರ್ಣಯಿಸಬಹುದೆಂದು 1851ರ ಒಂದು ಖಾಸಗಿ ಪತ್ರದಲ್ಲಿ ಅಗಸ್ಟಸ್ ಡಿ ಮಾರ್ಗನ್ ಸೂಚಿಸಿದ್ದರು. ಅದನ್ನು ಕಾರ್ಯಗತಗೊಳಿಸಿದವರು ಅಮೆರಿಕದ ಭೌತವಿಜ್ಞಾನಿ ಟಿ.ಸಿ. ಮೆಂಡೆನ್‌ಹಾಲ್, 1887ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಲೇಖಕರ 'ವಿಶಿಷ್ಟ ರೇಖೆ'ಗಳನ್ನು ಪ್ರಕಟಿಸಿದರು. ಷೇಕ್ಸ್‌ಪಿಯರ್ ಎಂಬುದು ಫ್ರಾನ್ಸಿಸ್ ಬೇಕನ್‌ನ ಗುಪ್ತನಾಮವೇ ಎಂಬ ಆ ಕಾಲದ ಬಿಸಿ ವಿವಾದಕ್ಕೆ 1901ರಲ್ಲಿ ಅವರು ಇದೇ ವಿಧಾನವನ್ನು ಅನ್ವಯಿಸಿದರು. ಬೇಕನ್‌ನ ರೇಖೆ ಹೊಂದಲಿಲ್ಲ. ಮಾರ್ಲೋನ ರೇಖೆಯಾದರೋ ಅಚ್ಚುಕಟ್ಟಾಗಿ ಹೊಂದಿತು. ಮೆಂಡೆನ್‌ಹಾಲ್ ಅಷ್ಟನ್ನು ದಾಖಲಿಸಿ ಸುಮ್ಮನಾದರು. 1955ರಲ್ಲಿ ಕ್ಯಾಲ್ವಿನ್ ಹಾಫ್‌ಮನ್ ತಮ್ಮ ಜನಪ್ರಿಯ ಗ್ರಂಥದಲ್ಲಿ, ಷೇಕ್ಸ್‌ಪಿಯರನೆಂದರೆ ಕೊಲೆಯಾಗದೆ ತಲೆಮರೆಸಿಕೊಂಡ ಮಾರ್ಲೋನೇ ಎಂದು ಸಾಧಿಸಲು ಹೊರಟಾಗ ಈ ರೇಖೆಯನ್ನು ವೈಜ್ಞಾನಿಕ ಪುರಾವೆಯಾಗಿ ಬಳಸಿಕೊಂಡರು. 1975ರಲ್ಲಿ ಸಿ.ಬಿ. ವಿಲಿಯಮ್ಸ್ ಅವರು 'ಬಯೋಮೆಟ್ರಿಕಾ'ದಲ್ಲಿ ತೋರಿಸಿದ್ದು ಇದು: ಬೇಕನ್‌ನಿಂದ ಆರಿಸಿದ್ದು ಗದ್ಯ, ಷೇಕ್ಸ್‌ಪಿಯರನಿಂದ ಆರಿಸಿದ್ದು ಪದ್ಯ, ಫಿಲಿಪ್ ಸಿಡ್ನಿ ಎಂಬ ಒಬ್ಬನೇ ಲೇಖಕನ ಗದ್ಯ ಪದ್ಯಗಳ ನಡುವೆಯೂ ಅಂಥದೇ ಅಂತರ ಕಾಣುತ್ತದೆ. ಅಳತೆಗೆ ಸಿಕ್ಕಿದ್ದು ಕರ್ತೃವಲ್ಲ, ಪ್ರಕಾರ. ಇದಕ್ಕೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು, ಮತ್ತು ತಿದ್ದುಪಡಿಯನ್ನು ಓದಿದವರು ಹಾಫ್‌ಮನ್‌ರ ಓದುಗರಲ್ಲ.

ನಮ್ಮ ಶಾಸ್ತ್ರದ ಅತ್ಯಂತ ಗಟ್ಟಿಯಾದ ಸಾಧನೆಯೂ ಒಂದು ಗುಪ್ತನಾಮಕ್ಕೇ ಸಂಬಂಧಿಸಿದ್ದು. 'ಪಬ್ಲಿಯಸ್' ಎಂಬ ಹೆಸರಿನಲ್ಲಿ ಪ್ರಕಟವಾದ 85 ಫೆಡರಲಿಸ್ಟ್ ಪ್ರಬಂಧಗಳಲ್ಲಿ 12 ಪ್ರಬಂಧಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ವಿವಾದವನ್ನು ಮಾಸ್ಟೆಲ್ಲರ್ ಮತ್ತು ವ್ಯಾಲೇಸ್ 1964ರಲ್ಲಿ ಮ್ಯಾಡಿಸನ್ನನ ಪರವಾಗಿ ನಿರ್ಣಯಿಸಿದರು. ಅಲ್ಲಿ ಅಭ್ಯರ್ಥಿಗಳು ಇಬ್ಬರೇ, ಕಾಲ ಒಂದೇ, ಪ್ರಕಾರ ಒಂದೇ. 'ಅಪಾನ್' ಎಂಬ ಒಂದು ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಮೂರು ಸಲ ಬಳಸಿದರೆ ಮ್ಯಾಡಿಸನ್ ಬಳಸುವುದು ಅಪರೂಪ. ಮುಂದೆ ಬಂದ ಜನಪ್ರಿಯ ಉದಾಹರಣೆಗಳೆಲ್ಲ ಈ ಯಶಸ್ಸಿನ ಕೀರ್ತಿಯನ್ನು ಎರವಲು ಪಡೆದವು, ಅದರ ಷರತ್ತುಗಳನ್ನು ಪಡೆಯಲಿಲ್ಲ.

1996ರ ವರ್ಷವೊಂದನ್ನೇ ನೋಡಬಹುದು. 'ಡಬ್ಲ್ಯು.ಎಸ್.' ಎಂಬ ಅಂಕಿತದ ಒಂದು ಶೋಕಗೀತೆಯನ್ನು ಷೇಕ್ಸ್‌ಪಿಯರನದೆಂದು ಹೇಳಿದ ಡೊನಾಲ್ಡ್ ಫಾಸ್ಟರ್ ಅವರ ವಾದವು ಜನವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಮುಖಪುಟಕ್ಕೆ ಬಂದಿತು. ಮರುತಿಂಗಳು ಅದೇ ವಿದ್ವಾಂಸರು 'ಪ್ರೈಮರಿ ಕಲರ್ಸ್' ಎಂಬ ಅನಾಮಧೇಯ ಕಾದಂಬರಿಯ ಕರ್ತೃ ಜೋ ಕ್ಲೈನ್ ಎಂದರು. ಕ್ಲೈನ್ ನಿರಾಕರಿಸಿದರು, ಜುಲೈನಲ್ಲಿ ಹಸ್ತಪ್ರತಿಯ ಮೇಲಿನ ಕೈಬರಹವು ಸಾಕ್ಷಿಯಾಗಿ ಬಂದಾಗ ಒಪ್ಪಿಕೊಂಡರು. ಎರಡನೆಯ ನಿರ್ಣಯ ಸರಿಯಾದುದರಿಂದ ಮೊದಲನೆಯದಕ್ಕೂ ವಿಶ್ವಾಸಾರ್ಹತೆ ಹರಿದುಬಂದಿತು. 2002ರಲ್ಲಿ, ಗೀತೆಯು ಜಾನ್ ಫೋರ್ಡ್‌ನದೆಂದು ಜಿಲ್ ಮೊನ್ಸಾರಾ ತೋರಿಸಿಕೊಟ್ಟ ಮೇಲೆ ಫಾಸ್ಟರ್ ತಮ್ಮ ವಾದವನ್ನು ಹಿಂದಕ್ಕೆ ಪಡೆದರು. ಹಾಗೆ ಪಡೆದದ್ದು ದೊಡ್ಡತನ.

ಇದೆಲ್ಲ ಸಾಹಿತ್ಯದ ಚಾವಡಿಯಲ್ಲಿ ನಡೆಯುವ ನಿರಪಾಯಕಾರಿ ಹರಟೆಯೆಂದು ಭಾವಿಸುವವರು ನ್ಯಾಯಾಲಯದತ್ತ ತಿರುಗಿ ನೋಡಬೇಕು. ವಾಕ್ಯದ ಉದ್ದ ಮತ್ತು ಕೆಲವು ಪದಗುಣಗಳ ಸಂಚಿತ ಮೊತ್ತದ ರೇಖೆಗಳನ್ನು ಆಧರಿಸಿದ ಎ.ಕ್ಯೂ. ಮಾರ್ಟನ್ ಅವರ ವಿಧಾನವನ್ನು 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಸಾಕ್ಷ್ಯವಾಗಿ ಕೇಳಿಸಿಕೊಂಡಿತ್ತು. ಶಾಸ್ತ್ರಜ್ಞರು ಅದನ್ನು ಬಲವಾಗಿ ಟೀಕಿಸುತ್ತಿದ್ದ ಹೊತ್ತಿನಲ್ಲಿ, ದೂರದರ್ಶನದ ಒಂದು ಪರೀಕ್ಷೆಯಲ್ಲಿ ಆ ವಿಧಾನವು ಶಿಕ್ಷೆಗೊಳಗಾದ ಅಪರಾಧಿಯೊಬ್ಬನ ಬರೆಹವನ್ನು ಮುಖ್ಯ ನ್ಯಾಯಾಧೀಶರ ಬರೆಹದಿಂದ ಬೇರ್ಪಡಿಸಲಾರದೆ ಹೋಯಿತು. ಜನಪ್ರಿಯ ಮಾಧ್ಯಮವು ಶಾಸ್ತ್ರಕ್ಕೆ ಉಪಕಾರ ಮಾಡಿದ ಒಂದು ಪ್ರಸಂಗವೂ ಇದೆಯೆಂದು ಇಲ್ಲಿ ಒಪ್ಪಿಕೊಳ್ಳಬೇಕು.

'ಭಾಷೆಯ ಬೆರಳಚ್ಚು'

ಗಾಲ್‌ಬ್ರೇತ್ ಸುದ್ದಿಯೊಂದಿಗೆ ಮತ್ತೆ ಚಲಾವಣೆಗೆ ಬಂದ ರೂಪಕವಿದು. ಬರ್ನಾರ್ಡ್ ಬ್ಲಾಕ್ 1948ರಲ್ಲಿ 'ವ್ಯಕ್ತಿಭಾಷೆ' ಎಂಬ ಪರಿಕಲ್ಪನೆಯನ್ನು ಕೊಟ್ಟಾಗ ಅದು ಒಬ್ಬ ಭಾಷಿಕನ ಒಂದು ಕಾಲದ, ಒಬ್ಬ ಕೇಳುಗನೊಡನೆಯ ಸಾಧ್ಯ ಉಕ್ತಿಗಳ ಸಮಷ್ಟಿಯಾಗಿತ್ತು. ಅಂದರೆ ಬದಲಾಗುವುದೇ ಅದರ ಲಕ್ಷಣ. ಬೆರಳಚ್ಚಾದರೋ ಹುಟ್ಟಿನಿಂದ ಸಾವಿನವರೆಗೆ ಒಂದೇ, ಮತ್ತು ಅದರ ಸಣ್ಣದೊಂದು ತುಣುಕೂ ಇಡಿಯ ಗುರುತನ್ನು ಹೊತ್ತಿರುತ್ತದೆ. ಮ್ಯಾಲ್ಕಂ ಕೂಲ್ಟ್‌ಹಾರ್ಡ್ ಅವರು 2004ರಲ್ಲೇ, ವ್ಯಕ್ತಿಭಾಷೆಯ ಅನನ್ಯತೆಯನ್ನು ತಾತ್ತ್ವಿಕವಾಗಿ ಒಪ್ಪುತ್ತಲೇ, ಈ ರೂಪಕವು ದಾರಿತಪ್ಪಿಸುವಂಥದೆಂದು ಎಚ್ಚರಿಸಿದ್ದರು. ನಮಗೆ ಕಾಣುವ ಇನ್ನೊಂದು ತೊಡಕೆಂದರೆ, ಬೆರಳಚ್ಚಿನ ಮಾತು ಬಂದೊಡನೆ ಎಲ್ಲರ ಅಚ್ಚುಗಳಿರುವ ಒಂದು ಭಂಡಾರವನ್ನೂ ಓದುಗನು ಕಲ್ಪಿಸಿಕೊಳ್ಳುತ್ತಾನೆ. ಶೈಲಿಮಾಪಕನ ಬಳಿ ಇರುವುದು ಅವನೇ ಆರಿಸಿದ ನಾಲ್ಕು ಹೆಸರು. ನಾಲ್ವರಲ್ಲಿ ಸಮೀಪದವರು ಯಾರೆಂದು ಕೇಳಿದರೆ ಯಾರಾದರೊಬ್ಬರು ಸಮೀಪದವರಾಗಿಯೇ ತೀರುತ್ತಾರೆ. ಐದನೆಯವನು ಬರೆದಿದ್ದರೂ ಉತ್ತರ ಬರುತ್ತದೆ.

ಎಲೆನಾ ಫೆರಾಂಟೆ ಎಂಬ ಗುಪ್ತನಾಮದ ಪ್ರಸಂಗದಲ್ಲಿ ಈ ಐದನೆಯವರ ಸಮಸ್ಯೆ ಸ್ಪಷ್ಟವಾಗಿ ಕಾಣುತ್ತದೆ. 2016ರ ಅಕ್ಟೋಬರ್‌ನಲ್ಲಿ ಪತ್ರಕರ್ತ ಕ್ಲಾಡಿಯೋ ಗಾತ್ತಿ ಹಣಕಾಸಿನ ಮತ್ತು ಆಸ್ತಿಯ ದಾಖಲೆಗಳ ಜಾಡು ಹಿಡಿದು ಅನುವಾದಕಿ ಅನಿತಾ ರಾಯಾ ಅವರತ್ತ ಬೆರಳು ತೋರಿಸಿದರು. 2017ರಲ್ಲಿ ಪಾದುವಾದ ಅರ್ಜುನಾ ತುಜ್ಜಿ ಮತ್ತು ಮಿಕೆಲೆ ಕೊರ್ತೆಲಾಜ್ಜೊ 40 ಲೇಖಕರ 150 ಕಾದಂಬರಿಗಳ ಪಠ್ಯಕೋಶವನ್ನು ಕಟ್ಟಿ ಹಲವು ದೇಶಗಳ ತಜ್ಞರಿಗೆ ಒಪ್ಪಿಸಿದರು. ಬೇರೆ ಬೇರೆ ವಿಧಾನಗಳು ರಾಯಾ ಅವರ ಪತಿ, ಕಾದಂಬರಿಕಾರ ದೊಮೆನಿಕೊ ಸ್ತಾರ್ನೋನೆ ಅವರ ಕೃತಿಗಳೊಡನೆ ಗಾಢವಾದ ಸಾಮ್ಯವನ್ನು ತೋರಿಸಿದವು. ಸ್ತಾರ್ನೋನೆ ತಾವು ಫೆರಾಂಟೆ ಅಲ್ಲವೆಂದೇ ಹೇಳುತ್ತ ಬಂದಿದ್ದಾರೆ. ಆ ಪಠ್ಯಕೋಶದಲ್ಲಿ ರಾಯಾ ಅವರ ಸ್ವಂತ ಕಾದಂಬರಿ ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಅವರು ಪ್ರಕಟಿಸಿರುವುದು ಅನುವಾದಗಳನ್ನು. ಕಾಸಿನ ಜಾಡು ಯಾರನ್ನು ತೋರಿಸಿತೋ ಅವರೇ ಕಾದಂಬರಿಕಾರರ ಅಳತೆಪಟ್ಟಿಯಿಂದ ಹೊರಗೆ. ಮಾಧ್ಯಮಗಳು ಇದನ್ನು ಹೆಂಡತಿಯೋ ಗಂಡನೋ ಎಂಬ ಪಂದ್ಯವನ್ನಾಗಿ ಮಾಡಿ ಫಲಿತಾಂಶ ಘೋಷಿಸಿದವು. ತುಜ್ಜಿ ಮತ್ತು ಕೊರ್ತೆಲಾಜ್ಜೊ ತಮ್ಮ 2018ರ ಲೇಖನದ ಶೀರ್ಷಿಕೆಯಲ್ಲಿ ಕೇಳಿದ್ದು ಎಲೆನಾ ಫೆರಾಂಟೆ 'ಯಾರು' ಎಂದಲ್ಲ, 'ಏನು' ಎಂದು. ಸರ್ವನಾಮದ ಈ ವ್ಯತ್ಯಾಸವನ್ನು ಯಾವ ಸುದ್ದಿಮನೆಯೂ ಗಮನಿಸಿದಂತೆ ಕಾಣುವುದಿಲ್ಲ.

ಕನ್ನಡದಲ್ಲಿ ಈ ವಿಧಾನಗಳನ್ನು ಬಳಸಹೊರಡುವ ಸಂಶೋಧನ ವಿದ್ಯಾರ್ಥಿಗಳಿಗೆ ಸುದ್ದಿಯ ಹೊಳಪು ಇನ್ನೊಂದು ಬಗೆಯಲ್ಲಿ ತೊಡಕಾಗುತ್ತದೆ. ಇಂಗ್ಲಿಷಿನ ಶೈಲಿಮಾಪನ ನಿಂತಿರುವುದು ಸ್ವತಂತ್ರವಾಗಿ ನಿಲ್ಲುವ ವ್ಯಾಕರಣಪದಗಳ ಮೇಲೆ. ಆ ಕಾರ್ಯದ ಬಹುಪಾಲನ್ನು ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳೂ 'ಊ', 'ಏ', 'ಓ'ಗಳಂಥ ನಿಪಾತಗಳೂ ಪದದೊಳಗೇ ಅಂಟಿಕೊಂಡು, ಸಂಧಿಯಲ್ಲಿ ರೂಪ ಬದಲಿಸಿ ಮಾಡುತ್ತವೆ. ಪದರೂಪಗಳನ್ನು ಬಿಡಿಸದೆ ಮಾಡಿದ 100 ಪದಗಳ ಪಟ್ಟಿ ಇಲ್ಲಿ ಬೇರೆಯೇ ವಸ್ತು. ನಾಲ್ಕು ಚಿಹ್ನೆಗಳ ಸರಣಿಯೂ ಹಾಗೆಯೇ. 'ಕ್ಷ' ಎಂಬ ಒಂದು ಅಕ್ಷರವು ಯೂನಿಕೋಡ್‌ನಲ್ಲಿ ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳು. ಗಣಕವು ನಾಲ್ಕನ್ನು ಎಣಿಸಿದಾಗ ಓದುಗನ ಕಣ್ಣಿಗೆ ಒಂದೂಕಾಲು ಅಕ್ಷರವೂ ಆಗಬಹುದು, ನಾಲ್ಕೂ ಆಗಬಹುದು. ಅಕ್ಷರವನ್ನು ಘಟಕವಾಗಿ ಹಿಡಿಯಬೇಕೋ ಸಂಕೇತವನ್ನೋ ಎಂಬುದನ್ನು, ಗ್ರಾಂಥಿಕ ಮತ್ತು ಆಡುರೂಪಗಳು ಬೆರೆತಿರುವ ಕಾದಂಬರಿಗಳಲ್ಲಿ ಸಂಭಾಷಣೆಯನ್ನು ಕಥನದಿಂದ ಬೇರ್ಪಡಿಸಬೇಕೋ ಬೇಡವೋ ಎಂಬುದನ್ನು, ಕರ್ತೃ ಯಾರೆಂದು ಮೊದಲೇ ಗೊತ್ತಿರುವ ಕೃತಿಗಳ ಮೇಲೆ ಪರೀಕ್ಷಿಸಿಯೇ ನಿರ್ಣಯಿಸಬೇಕಾಗಿದೆ. ತಮ್ಮ ಹೆಸರನ್ನು ಬಚ್ಚಿಡದೆ ಎರಡು ಹೆಸರುಗಳಲ್ಲಿ ಬರೆದ ನಮ್ಮ ಕವಿಗಳೂ ಕಥೆಗಾರರೂ ಆ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಧಾರಾಳವಾಗಿ ಬಿಟ್ಟುಹೋಗಿದ್ದಾರೆ.